ಕಾಲು ಹಗುರ, ನಿದ್ದೆ ಭಾರ

ಗಾಳಿಮರೆಗೆ ಕೆಲವು ವಾರಗಳಿಂದ ಕಾಲೇ ದಣಿಯುತ್ತಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಸೈಕಲ್ ರೇಸಿನಲ್ಲಿ ತಂಡದ ನಾಯಕನ ಮುಂದೆ ಸಾಗಿ, ಗಾಳಿಗೆ ಎದೆಯೊಡ್ಡುವುದು ಅವನ ಕೆಲಸ. ಅದಕ್ಕೇ ಆ ಅಡ್ಡಹೆಸರು. ನಾಯಕ ಅವನ ಬೆನ್ನ ಹಿಂದೆ ಆರಾಮಾಗಿ ಬಂದು, ಕೊನೆಯ ತಿರುವಿನಲ್ಲಿ ಚಿಮ್ಮಿ ಹೋಗಿ ಹಾರ ಹಾಕಿಸಿಕೊಳ್ಳುತ್ತಾನೆ. ಗಾಳಿಮರೆಗೆ ಉಳಿಯುವುದು ಗಾಳಿ ಮಾತ್ರ. ಇಂಥವನು ದಣಿಯದಿದ್ದರೆ ಇಡೀ ತಂಡಕ್ಕೆ ಖುಷಿ. ಖುಷಿಯಿಲ್ಲದಿದ್ದದ್ದು ಅವನ ಅಕ್ಕನಿಗೆ. ಅವಳು ತಂಡದ ನರ್ಸು. ಅವಳ ಗಂಡ, ಅಂದರೆ ಭಾವ, ತಂಡದ ಮೆಕ್ಯಾನಿಕ್ಕು. ಚೈನು ಬಿಗಿ ಮಾಡುತ್ತಲೇ ಯಾರ ದನಿಯನ್ನಾದರೂ ತೆಗೆಯುವ ಮಹಾ ತುಂಟ. ಒಮ್ಮೆ ಮ್ಯಾನೇಜರ ದನಿಯಲ್ಲಿ ಫೋನ್ ಮಾಡಿ ತಂಡಕ್ಕೆಲ್ಲ ರಜೆ ಕೊಟ್ಟುಬಿಟ್ಟಿದ್ದ.

ಸಂಜೆ ತೈಲದ ವಾಸನೆಯ ಕೋಣೆಯಲ್ಲಿ, ಮಾಲೀಸಿಗೆ ಮಲಗಿದ್ದ ತಮ್ಮನ ಮಣಿಕಟ್ಟು ಹಿಡಿದು ಅಕ್ಕ ಕೂತಳು. ಬಿಡಲಿಲ್ಲ.

"ಏನೋ ಇದು, ನಾಡಿ ಹುಡುಕಾಡಬೇಕಲ್ಲೋ! ಕೈ ನೋಡಿದ್ರೆ ಮಂಜುಗಡ್ಡೆ. ಏನು ಚುಚ್ಚಿಸ್ಕೋತಿದ್ದೀಯ?"

"ವಿಟಮಿನ್ನು ಕಣೇ."

"ವಿಟಮಿನ್ ತಗೊಂಡೋರು ಅಕ್ಕನ ಮುಖ ನೋಡಿ ಮಾತಾಡ್ತಾರೆ."

ಅವನು ಎದ್ದು ಕೂತ. "ತಗೊಂಡಿದ್ದೀನಿ ಅಂತಲ್ಲ. ತಗೊಂಡ್ರೆ ತಪ್ಪೇನು ಅಂತ ಕೇಳ್ತೀನಿ. ಎದುರು ತಂಡದ ನಾಯಕ, ಆ ದೊಡ್ಡ ಸಾಹೇಬ್ರು ತಗೊಳಲ್ವಾ? ರೇಸ್ ಮುಗಿದ ತಕ್ಷಣ ಮದ್ದಿನ ಪರೀಕ್ಷೆಯೋರು ನಮ್ಮ ರಟ್ಟೆ ಹಿಡಿದು ಕರ್ಕೊಂಡು ಹೋಗ್ತಾರೆ. ಸಾಹೇಬ್ರು ಮಾತ್ರ ಬಸ್ ಹತ್ತಿ, ಪರದೆ ಎಳ್ಕೊಂಡು, ಸ್ನಾನ ಮಾಡಿ, ಸೆಂಟು ಹಾಕ್ಕೊಂಡು ನಿಧಾನಕ್ಕೆ ಬರ್ತಾರೆ. ಅಷ್ಟಾದ್ರೂ ಸಿಕ್ಕಿಬಿದ್ರು. ಏನಾಯ್ತು? ಕೆಮ್ಮಿನ ಸಿರಪ್ಪು ಅಂದ್ರು, ವಕೀಲರ ದಂಡು ಕರ್ಕೊಂಡು ಬಂದ್ರು, ಮುಗೀತು. ನಮ್ಮ ತಂಡದ ಆ ಬಾಯಿಲ್ಲದ ಮೌನಿಗೆ? ಅದೇ ಔಷಧಿ, ಅದೇ ದಿನ ಹೆಸರು ಪೇಪರಲ್ಲಿ!"

"ಅದು ಅನ್ಯಾಯಾನೇ. ನಾನೂ ಒಪ್ತೀನಿ."

"ಮತ್ತೆ? ಬೆಟ್ಟದ ಮೇಲೆ ಹಿಂದೆ ಬಿದ್ರೆ ಮುಂದಿನ ವರ್ಷ ನನಗೆ ತಂಡವೇ ಇಲ್ಲ."

"ಆ ಸೂಜಿ ರಕ್ತದ ಕಣ ಹೆಚ್ಚಿಸಿ ರಕ್ತಾನೇ ಗಟ್ಟಿ ಮಾಡುತ್ತೆ. ರಕ್ತ ಗಟ್ಟಿಯಾದ್ರೆ ಮುಂದಿನ ವರ್ಷವೇ ಇಲ್ಲ ಕಣೋ. ಪರೀಕ್ಷೆಯೋರ ಹತ್ರ ಶಿಫಾರಸು ನಡೆಯುತ್ತೆ, ರಕ್ತದ ಹತ್ರ ನಡೆಯಲ್ಲ. ಹಗಲು ಹೇಗೋ ತುಳೀತೀಯ. ಮಲಗಿದಾಗ ಹೃದಯ ನಿಧಾನ ಆಗುತ್ತೆ, ಗಟ್ಟಿ ರಕ್ತ ಅಲ್ಲಲ್ಲೇ ಹೆಪ್ಪುಗಟ್ಟುತ್ತೆ. ದೊಡ್ಡಣ್ಣ ಹೇಗೆ ಹೋದ, ಮರೆತ್ಯಾ?"

ಗಾಳಿಮರೆ ನಕ್ಕು ಎದ್ದುಹೋದ. ಆದರೆ ಆ ಹೆಸರು ಅವನ ಬೆನ್ನು ಹತ್ತಿ ಕೋಣೆಯವರೆಗೂ ಬಂತು. ದೊಡ್ಡಣ್ಣ ತಂಡದ ಹಿರಿಯ ಸವಾರ. ಹೋದ ವರ್ಷ ಮಲಗಿದವನು ಏಳಲಿಲ್ಲ. ಅವನ ಮಂಚದಲ್ಲೇ ಈಗ ಗಾಳಿಮರೆ ಮಲಗುತ್ತಿದ್ದ.

ಮರುದಿನ ಬೆಳಿಗ್ಗೆ ಬೆಟ್ಟದ ರಸ್ತೆಯಲ್ಲಿ ಅಭ್ಯಾಸ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಚಕ್ರವೇ ಕಂಡೂ ಕಾಣದಂತಿತ್ತು. ಗಾಳಿಮರೆ ಎಲ್ಲರನ್ನೂ ಹಿಂದೆ ಹಾಕಿ ಒಬ್ಬನೇ ಏರುತ್ತಿದ್ದ. ಉಸಿರು ಏರಲಿಲ್ಲ, ಬೆವರು ಬರಲಿಲ್ಲ. ಕಾಲು ಯಾರದೋ ಕಾಲಿನಂತೆ ತನ್ನಷ್ಟಕ್ಕೆ ತುಳಿಯುತ್ತಿತ್ತು. ಅದನ್ನು ನೋಡಿ ಅವನಿಗೇ ಸ್ವಲ್ಪ ಹೆದರಿಕೆಯಾಯಿತು.

ಕಿವಿಯಲ್ಲಿದ್ದ ವೈರ್‌ಲೆಸ್ ಗರಗರ ಎಂದಿತು. ಆಮೇಲೆ ಮೈಕಿನ ಮೇಲೆ ಉಗುರಿನಿಂದ ಟಕ್, ಟಕ್. ಒಂದು ಸಣ್ಣ ಕೆಮ್ಮು.

ಗಾಳಿಮರೆಯ ಕೂದಲು ನಿಮಿರಿತು. ಹಾಗೆ ಮೈಕು ತಟ್ಟಿ, ಕೆಮ್ಮಿ ಮಾತು ಶುರುಮಾಡುತ್ತಿದ್ದವನು ಒಬ್ಬನೇ.

"ತಮ್ಮಾ…" ಎಂದಿತು ದನಿ. "ಕಾಲು ಹಗುರ ಆಗಿದೆ, ಅಲ್ವಾ?"

ಅವನು ಹಿಂದೆ ತಿರುಗಿ ನೋಡಿದ. ಬಿಳಿ ಮಂಜು. ಯಾರೂ ಇಲ್ಲ.

"ನನಗೂ ಆಗಿತ್ತು. ನಿದ್ದೆ ಮಾತ್ರ ಭಾರ. ನನ್ನ ಹಾಸಿಗೆ ಬೆಚ್ಚಗಿದ್ಯೇನೋ? ಸ್ವಲ್ಪ ಜರುಗಿ ಮಲಗು. ನಾನೂ ಇದ್ದೀನಿ."

ಬ್ರೇಕು ಹಿಡಿದನೋ, ಸೈಕಲ್ಲೇ ನಿಂತಿತೋ. ಗಾಳಿಮರೆ ರಸ್ತೆಯಂಚಿಗೆ ಕುಸಿದು ಕೂತ. ಮಾತಿನ ಗುಂಡಿ ಒತ್ತಿ ಹಿಡಿದ. ಆ ಗುಂಡಿ ಒತ್ತಿದರೆ ಮಾತು ತಂಡದ ಎಲ್ಲರ ಕಿವಿಗೂ ಹೋಗುತ್ತದೆ ಎಂಬುದು ಆ ಗಳಿಗೆಯಲ್ಲಿ ಯಾರಿಗೆ ನೆನಪಿರುತ್ತದೆ?

"ಅಣ್ಣಾ, ತಪ್ಪಾಯ್ತು! ಆ ಸಕ್ಕರೆ ಮಾತಿನ ಡಾಕ್ಟ್ರು ಎಲ್ಲರೂ ತಗೋತಾರೆ ಅಂದ, ತಗೊಂಡೆ. ಎದೆ ಬಿಗಿಯುತ್ತೆ ಅಣ್ಣಾ. ಹೆದರಿಕೆಯಿಂದ ಮಲಗೋಕೇ ಆಗ್ತಿಲ್ಲ. ಅಕ್ಕನಿಗೆ ಹೇಳೋಕೆ ಬಾಯಿ ಬರ್ತಿಲ್ಲ!"

ಗುಂಡಿ ಬಿಟ್ಟ. ವೈರ್‌ಲೆಸ್ ಗರಗರ ಅಂದಿತು. ಆಮೇಲೆ ಮಂಜಿನ ಕೆಳಗಿನಿಂದೆಲ್ಲೋ ಇನ್ನೊಂದು ದನಿ, ಅಳುತ್ತಾ ಬಂತು. ಊಟದ ಮೇಜಿನಲ್ಲಿ ಎಲ್ಲರ ತಟ್ಟೆಗೂ ಕೈ ಹಾಕುವ ಬಕಾಸುರನದು.

"ದೊಡ್ಡಣ್ಣಾ… ನಾನೂ ತಗೊಂಡಿದ್ದೀನಿ. ನನ್ನ ಪಕ್ಕ ಮಾತ್ರ ಬಂದು ಮಲಗಬೇಡ. ನನ್ನ ಮಂಚ ಚಿಕ್ಕದು!"

ಅಷ್ಟರಲ್ಲಿ ತಂಡದ ಕಾರು ಮಂಜು ಸೀಳಿಕೊಂಡು ಬಂತು. ಮೊದಲು ಇಳಿದವಳು ಅಕ್ಕ. ಹಿಂದೆ ಭಾವ, ಕೈಯಲ್ಲಿ ಮೈಕು, ಕಣ್ಣಲ್ಲಿ ನೀರು.

"ನೀನಾ ಭಾವ?" ಗಾಳಿಮರೆ ಅವನ ಕಾಲರ್ ಹಿಡಿದ. "ಇಂಥಾ ಚೇಷ್ಟೆ ಮಾಡ್ತಾರಾ? ನನ್ನ ಎದೆ ಒಡೆದು ಹೋಗ್ತಿತ್ತು!"

"ಅದು ಹೇಗಿದ್ರೂ ಒಡೀತಿತ್ತು ಕಣೋ. ಆ ಬೆಳಿಗ್ಗೆ ದೊಡ್ಡಣ್ಣನ್ನ ಎಬ್ಬಿಸೋಕೆ ಹೋದೋನು ನಾನು. ನನ್ನ ದನಿಯಲ್ಲಿ ಬುದ್ಧಿ ಹೇಳಿದಾಗೆಲ್ಲ ನೀನು ನಕ್ಕೆ. ಅವನ ದನಿಗಾದ್ರೂ ನಿಲ್ತೀಯೇನೋ ಅಂತ ನೋಡ್ದೆ."

"ಜಗಳ ಆಮೇಲೆ ಆಡಿ. ಇಬ್ರೂ ಆಸ್ಪತ್ರೆಗೆ ನಡೀರಿ," ಎಂದಳು ಅಕ್ಕ, ಅಷ್ಟರಲ್ಲಿ ಏದುಸಿರು ಬಿಡುತ್ತಾ ಹತ್ತಿ ಬಂದ ಬಕಾಸುರನನ್ನೂ ಕಾರಿಗೆ ತಳ್ಳುತ್ತಾ.

ಪರೀಕ್ಷೆ ಮಾಡಿದ ವೈದ್ಯೆ ಗಾಳಿಮರೆಯನ್ನು ಮನೆಗೆ ಕಳಿಸಲೇ ಇಲ್ಲ. "ಇನ್ನೊಂದು ಚುಚ್ಚಿಸ್ಕೊಂಡು ಮಲಗಿದ್ರೆ ನಾನು ಜವಾಬ್ದಾರಳಲ್ಲ," ಎಂದಳು.

ಎದ್ದು ಓಡಾಡುವಂತಾದ ಮೇಲೆ ಗಾಳಿಮರೆ ತಾನೇ ಹೋಗಿ ಪರೀಕ್ಷೆಯವರ ಮುಂದೆ ಒಪ್ಪಿಕೊಂಡ. ಸೂಜಿ ಚುಚ್ಚಿದ ಡಾಕ್ಟರ ಹೆಸರನ್ನೂ ಹೇಳಿದ. ರೇಸಿನಿಂದ ಹೊರಗಿಟ್ಟರು. ತಾನಾಗಿ ಬಂದದ್ದಕ್ಕೆ ಶಿಕ್ಷೆ ಸ್ವಲ್ಪ ಕಡಿಮೆಯಾಯಿತು, ಅಷ್ಟೇ. ಆದರೆ ಸಾಹೇಬರಿಗೊಂದು, ನಮಗೊಂದು ಪರೀಕ್ಷೆ ಯಾಕೆ ಎಂಬ ಅವನ ಪ್ರಶ್ನೆಯನ್ನು ತಂಡ ಕೈಬಿಡಲಿಲ್ಲ. ಮುಂದಿನ ರೇಸಿನ ದಿನ ಸಣ್ಣ ತಂಡಗಳ ಸವಾರರೆಲ್ಲ ಹೆಲ್ಮೆಟ್ ಕಳಚಿ ರೇಸು ಶುರುವಾಗುವ ಗೆರೆಯ ಮೇಲೆ ನಿಂತರು. ಕೇಳಿದ್ದು ಒಂದೇ ಮಾತು: "ನಮ್ಮ ರಟ್ಟೆ ಹಿಡಿಯೋ ಕೈ ಆ ಬಸ್ಸಿನೊಳಗೂ ಹೋಗ್ಲಿ. ಅಲ್ಲಿವರೆಗೂ ಪೆಡಲ್ ತಿರುಗಲ್ಲ." ಸಂಘಟಕರು ಬೆವರಿದರು, ಗೊಣಗಿದರು, ಕೊನೆಗೆ ಒಪ್ಪಿದರು. ಆ ಸಂಜೆ ಪರೀಕ್ಷೆಯವನು ಸಾಹೇಬರ ಹಿಂದೆಯೇ ಬಸ್ ಹತ್ತಿದ. ಪರದೆ ತೆರೆಯಿತು.

ಆಟವಾಡುವ ತಮ್ಮಂದಿರೇ, ತಂಗಿಯರೇ, ಯಾರಾದರೂ ಸೂಜಿ ಹಿಡಿದು "ಎಲ್ಲರೂ ತಗೋತಾರೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಈಗಾಗಲೇ ತಗೊಂಡಿದ್ದರೆ ಇವತ್ತೇ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ. ದೊಡ್ಡವರಿಗೊಂದು, ಚಿಕ್ಕವರಿಗೊಂದು ಪರೀಕ್ಷೆ ನಡೆಯುತ್ತಿದ್ದರೆ ಅದನ್ನು ನೆಪ ಮಾಡಿಕೊಳ್ಳಬೇಡಿ. ಒಟ್ಟಾಗಿ ನಿಂತು ಕೇಳಿ.

ಗಾಳಿಮರೆ ಈಗ ಭಾವನ ಜೊತೆ ತರಬೇತಿ ಶಿಬಿರಗಳಿಗೆ ಹೋಗಿ ಈ ಕಥೆ ಹೇಳುತ್ತಾನೆ. ಮಂಜು, ಮೈಕು, ಕೆಮ್ಮು ಬಂದಾಗ ಹುಡುಗರು ಉಸಿರು ಬಿಗಿಹಿಡಿಯುತ್ತಾರೆ. ಭಾವ "ಅಣ್ಣಾ, ತಪ್ಪಾಯ್ತು!" ಎಂದು ಗಾಳಿಮರೆಯದೇ ದನಿ ತೆಗೆದು ಗೋಳಾಡಿದಾಗ ಇಡೀ ಕೋಣೆ ನಗುತ್ತದೆ. ಎಲ್ಲರಿಗಿಂತ ಜೋರಾಗಿ ನಗುವವನು ಗಾಳಿಮರೆಯೇ. ನಗುವಾಗ ಒಂದು ಕೈ ಮಾತ್ರ ಎದೆಯ ಮೇಲಿರುತ್ತದೆ.