ಭತ್ತದಲ್ಲಿ ಹೂತಿಟ್ಟ ಗಿಟಾರು

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಬಿಟ್ಟು ಬೇರೇನನ್ನೂ ಮುಟ್ಟುವವನಲ್ಲ ನಾನು. ಅಂಥದ್ದರಲ್ಲಿ ರಾಮಸಮುದ್ರದ ಭಾರತಿ ಟೀಚರ್ ಗೋಣಿಚೀಲದಲ್ಲಿ ಸುತ್ತಿದ ಬಾಸ್ ಗಿಟಾರೊಂದನ್ನು ತಂದು ಮೇಜಿನ ಮೇಲಿಟ್ಟಾಗ ತಲೆ ಕೆಟ್ಟಿತು. ಚೀಲ ಕೊಡವಿದರೆ ಭತ್ತ ಉದುರಿತು.

"ಯಾದಗಿರಿಯಾಗ ಎಲ್ಲಾರೂ ಆಗಂಗಿಲ್ಲ ಅಂದ್ರು, ಮೈನುದ್ದೀನ ಭಾಯಿ. ಹಳ್ಳದ ನೀರು ಮನಿಯೊಳಗ ಬಂದು ಎರಡು ದಿನ ಇದು ನೀರಾಗ ಇತ್ತು. ಮೊಬೈಲ್ ತೊಯ್ದರ ಅಕ್ಕ್ಯಾಗ ಇಡ್ತೀವಲ್ರಿ, ಹಂಗ ಭತ್ತದ ರಾಶ್ಯಾಗ ಹೂತಿಟ್ಟಿದ್ದೆ. ಮೂರು ತಿಂಗಳು."

"ಟೀಚರ್ ಆಗಿ ಇಷ್ಟೂ ಬುದ್ಧಿ ಬ್ಯಾಡೇನವ್ವಾ? ಭತ್ತದಾಗ ಇಟ್ಟರ ತುಕ್ಕು ಹೋಗ್ತದೇನು?" ಎಂದು ರೇಗಿದೆ.

ಅವಳು ಸಿಟ್ಟಾಗಲಿಲ್ಲ. ಅವಳ ಅಪ್ಪ ಈಶಪ್ಪ, ಅಂಬೇಡ್ಕರರ ಮೇಲಿನ ಹಾಡು ಹೇಳುವ ಊರಿನ ಭೀಮಗೀತೆ ತಂಡದಲ್ಲಿ ಮೂವತ್ತು ವರ್ಷ ಇದನ್ನೇ ನುಡಿಸಿದವನಂತೆ.

"ಅಪ್ಪನ ಕಿವಿ ಪೂರಾ ಹೋಗ್ಯಾವ್ರಿ. ಹಾಡು, ಮಾತು ಏನೂ ಕೇಳಂಗಿಲ್ಲ. ಇದರ ದನಿ ಒಂದ ಗೊತ್ತಾಗ್ತಿತ್ತು. ಅದೂ ಹೋದ ಮ್ಯಾಲ ಸುಮ್ನ ಗ್ವಾಡಿ ನೋಡ್ಕೋತ ಕೂಡ್ತಾನ."

ಕಿವುಡನಿಗೆ ದನಿ ಗೊತ್ತಾಗುವುದೇ? ನಾನು ನಂಬಲಿಲ್ಲ. ಆದರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಬಿಚ್ಚಿ ನೋಡಿದೆ. ತಂತಿಗಳೆಲ್ಲ ತುಕ್ಕು ತಿಂದು ತುಂಡಾಗಿದ್ದವು. ತಂತಿಯ ನಡುಕವನ್ನು ಕರೆಂಟಾಗಿಸುವ ಸುರುಳಿ ಹಸಿರುಗಟ್ಟಿ ಹರಿದಿತ್ತು. ಸುರುಳಿ ಸುತ್ತುವುದೇ ನನ್ನ ಕಸುಬು, ನಿಜ. ಆದರೆ ಇದರ ತಾಮ್ರದ ಎಳೆ ಕೂದಲಿಗಿಂತ ಸಣ್ಣದು, ಸುತ್ತು ಎಂಟು ಸಾವಿರ. ಆರು ಸಲ ಎಳೆ ತುಂಡಾಯಿತು. ಆರು ಸಲವೂ ಈಶಪ್ಪನಿಂದ ಹಿಡಿದು ಗಿಟಾರು ಕಂಡುಹಿಡಿದವನವರೆಗೆ ಎಲ್ಲರಿಗೂ ಮಂಗಳಾರತಿ ಮಾಡಿದೆ. ಏಳನೇ ಸಲ ಮೀಟರಿನ ಮುಳ್ಳು ಅಲುಗಾಡಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೈದರಾಬಾದಿನಿಂದ ತರಿಸಿದ ಹೊಸ ತಂತಿ ಬಿಗಿದು, ಸ್ಪೀಕರನ್ನೂ ಹೊತ್ತು ರಾಮಸಮುದ್ರಕ್ಕೆ ಹೋದೆ. ಈಶಪ್ಪ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಅದರ ಕತ್ತಿನುದ್ದಕ್ಕೂ ನೋಡಿದ. ಮರ ಎಳ್ಳಷ್ಟೂ ಬಾಗಿರಲಿಲ್ಲ. ನಾನು ಸ್ಪೀಕರಿನ ವೈರು ಚುಚ್ಚಲು ಹೋದರೆ ಕೈ ಅಡ್ಡ ಹಿಡಿದ.

"ಅದು ಕಿವಿ ಇದ್ದವರಿಗಿ," ಎಂದ.

ಗಿಟಾರಿನ ಅಂಚಿಗೆ ಗದ್ದ ಒತ್ತಿ, ದಪ್ಪ ತಂತಿ ಮೀಟಿದ. ನನಗೆ ಕೇಳಿದ್ದು ಬರೀ ಸಣ್ಣದೊಂದು ಗುಂಯ್. ಅವನು ಮಾತ್ರ ಕಣ್ಣು ಮುಚ್ಚಿ, ಮೀಟುತ್ತಲೇ ಹಾಡತೊಡಗಿದ. ಒಂದೇ ಒಂದು ತಾಳ ತಪ್ಪಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭಾರತಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಹಾಡು ಮುಗಿಸಿ ನನ್ನನ್ನು ಕರೆದ. "ಇಲ್ಲಿ ಗದ್ದ ಇಡ್ರಿ."

ಇಟ್ಟೆ. ಅವನು ಮೀಟಿದ. ಹಲ್ಲು, ದವಡೆ ದಾಟಿ ನೆತ್ತಿಯವರೆಗೆ ದನಿ ತುಂಬಿಕೊಂಡಿತು. ಯಾ ಅಲ್ಲಾ, ಇಷ್ಟು ವರ್ಷ ನಾನು ಬರೀ ಕಿವಿಯಿಂದ ಕೇಳಿದ್ದೆನಲ್ಲ!

ನನ್ನ ಎಂಟು ಸಾವಿರ ಸುತ್ತಿನಲ್ಲಿ ಒಂದು ಸುತ್ತಿಗೂ ಇಲ್ಲಿ ಕೆಲಸವಿರಲಿಲ್ಲ. ದನಿ ಇದ್ದದ್ದು ಮರದಲ್ಲಿ. ಬಿಸಿಲಿಗಿಟ್ಟಿದ್ದರೆ ಸೊಟ್ಟಗಾಗುತ್ತಿದ್ದ ಆ ಮರವನ್ನು ಮೂರು ತಿಂಗಳು ಅದುಮಿ ಹಿಡಿದು ನಿಧಾನಕ್ಕೆ ಒಣಗಿಸಿದ್ದು ಟೀಚರಮ್ಮನ ಭತ್ತ. ಬೈದದ್ದಕ್ಕೆ ಅವಳಲ್ಲಿ ಮಾಫಿ ಕೇಳಬೇಕಿತ್ತು. ಆದರೆ ಗದ್ದ ಎತ್ತಲು ಮನಸ್ಸೇ ಬರಲಿಲ್ಲ.