ನಂಬರಿಲ್ಲದ ಗಿಡಗಳು

ಉಜ್ಮಾ ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಸಿರು. ಹನ್ನೊಂದನೆಯ ನಂಬರಿನ ಗಿಡವೂ ಬದುಕಿತ್ತು.

ಮೇಲೆ ಒಂದು ಎಲೆಯೂ ಇರಲಿಲ್ಲ. ಉಪಗ್ರಹದ ಕಣ್ಣಿಗೆ ಸುರೇಬಾನದ ಈ ಗುಡ್ಡ ಬರೀ ಕಂದು. ಮಲ್ಲಿಕಾರ್ಜುನ ಸರ್ ಕಟ್ಟಿದ ಕಂಪ್ಯೂಟರ್ ಮಾಡೆಲ್ ಪ್ರಕಾರ, ಮಳೆ ತಪ್ಪಿದ ಮೂರನೆಯ ವರ್ಷಕ್ಕೆ ಇಲ್ಲಿನ ದಿಂಡಲ ಗಿಡಗಳಲ್ಲಿ ಮುಕ್ಕಾಲು ಪಾಲು ಸತ್ತಿರಬೇಕು. ಆದರೆ ಅವಳು ತಗಡಿನ ಬಿಲ್ಲೆ ಹೊಡೆದಿದ್ದ ಇಪ್ಪತ್ನಾಲ್ಕರಲ್ಲಿ ಕಳೆದ ಎಣಿಕೆಯವರೆಗೆ ಸತ್ತದ್ದು ಎರಡೇ.

ಸರ್ ಅವಳ ಗೈಡ್. ನಾಳೆ ಅವರದೇ ವಿಭಾಗದ ಸೆಮಿನಾರಿನಲ್ಲಿ, ಅವರ ಎದುರೇ ನಿಂತು, ನಿಮ್ಮ ಮಾಡೆಲ್‌ಗೆ ಬರ ಗೊತ್ತು, ಗಿಡ ಗೊತ್ತಿಲ್ಲ ಎಂದು ಹೇಳಬೇಕಿತ್ತು. ಬಸ್ಸಿನಲ್ಲಿ ಆ ವಾಕ್ಯವನ್ನು ಹತ್ತು ಸಲ ಹೇಳಿಕೊಂಡಿದ್ದಳು. ಹತ್ತು ಸಲವೂ ರುಚಿಯಾಗಿತ್ತು.

ಫೋನ್ ಬಂತು. ಸರ್.

"ಎಲೀ ಇಲ್ಲದ್ದನ್ನ ಸತ್ತೈತಿ ಅಂತ ಬರಿಯಾಕ ಏನವಾ ತ್ರಾಸು ನಿನಗ?"

"ಸತ್ತಿಲ್ಲಲ್ರಿ ಸರ್."

"ಪಿಎಚ್‌ಡಿ ಬೇಕೋ, ಗಿಡಾ ಬೇಕೋ?"

"ನೆಟ್‌ವರ್ಕ್ ಇಲ್ರಿ," ಎಂದು ಕಟ್ ಮಾಡಿದಳು. ನೆಟ್‌ವರ್ಕ್ ಚೆನ್ನಾಗಿತ್ತು.

ಹನ್ನೆರಡನೆಯ ಗಿಡದ ಬುಡದಲ್ಲಿ ಮಣ್ಣು ಕಪ್ಪಗಿತ್ತು. ಬೆರಳಿಟ್ಟಳು. ಒದ್ದೆ.

ಹದಿಮೂರನೆಯದರ ಬಳಿ ಬೀರವ್ವ ಕೊಡ ಬಗ್ಗಿಸಿಕೊಂಡು ನಿಂತಿದ್ದಳು. ಈ ಗುಡ್ಡದಲ್ಲಿ ಆಡು ಮೇಯಿಸುವವಳು. ಉಜ್ಮಾ ಮೂರು ತಿಂಗಳಿಗೊಮ್ಮೆ, ಹೇಳಿದ ದಿನವೇ ಬರುತ್ತಿದ್ದಳು. ಈ ಸಲ ಸೆಮಿನಾರಿಗಾಗಿ ವಾರ ಮೊದಲೇ ಬಂದಿದ್ದಳು.

"ಅಯ್ಯ, ಮುಂದಿನ ವಾರ ಬರೂದಲ್ಲನ್ರಿ ಅಕ್ಕಾರ?"

"ಏನ್ ಮಾಡಾಕ್ಹತ್ತೀರಿ?"

"ಹೋಳಿಗಿ ಸುಡಾಕ್ಹತ್ತೇನಿ. ಕಾಣವಲ್ದ?"

"ಎಷ್ಟ ದಿನದಿಂದ?"

"ನೀವು ಬಿಲ್ಲೆ ಹೊಡದಾಗಿಂದ. ನಂಬರ ಇದ್ದ ಗಿಡ ಅಂದ್ರ ಸರಕಾರದ್ದು. ಸತ್ರ ಯಾರ ಮ್ಯಾಲ ಬರತೈತಿ? ನನ್ನ ಆಡಿನ ಮ್ಯಾಲ. ಆಮ್ಯಾಲ ಗುಡ್ಡಾನ ಬಂದ್ ಮಾಡತಾರ. ಕ್ವಾರಿ ಹೊಂಡದಾಗ ನೀರ ಐತಿ. ದಿನಕ್ಕ ಎರಡ ಗಿಡ, ಗಿಡಕ್ಕ ಒಂದ ಕೊಡ. ನೀವು ಬರೂ ವಾರ ಅಷ್ಟ ಬಿಡತೇನಿ."

"ನನಗ ಹೇಳಬೇಕಿತ್ತಲ್ರಿ."

"ನೀವು ಕೇಳಿದ್ರೇನ? ಬರತೀರಿ, ಕೆರೀತೀರಿ, ಬರಕೊಂತೀರಿ, ಹೋಗತೀರಿ."

ಉಜ್ಮಾ ಕಲ್ಲಿನ ಮೇಲೆ ಕುಳಿತಳು. ಮೂರು ವರ್ಷ ಅವಳು ಎಣಿಸಿದ್ದು ಗಿಡಗಳ ಹಟವನ್ನಲ್ಲ, ಒಬ್ಬ ಮುದುಕಿಯ ಹೆದರಿಕೆಯನ್ನು. ಬಾಯಿ ಮುಚ್ಚಿಕೊಂಡರೆ ನಾಳೆ ಗೆಲ್ಲಬಹುದು. ಆಡುಗಳು ಸೆಮಿನಾರಿಗೆ ಬರುವುದಿಲ್ಲ.

"ಇನ್ನ ನೀರ ಹಾಕಬ್ಯಾಡ್ರಿ."

"ಮತ್ತ ಗಿಡಾ ಸಾಯಲೇನು?"

ಉಜ್ಮಾ ಹೌದೆನ್ನಲು ಹೋದಳು. ಕಣ್ಣು ಹದಿಮೂರರ ಬಿಲ್ಲೆಯ ಮೇಲೆ ನಿಂತಿತು. ಬೀರವ್ವ ಅವಳನ್ನೇ ನೋಡುತ್ತ, ಕೊಡದಲ್ಲಿ ಉಳಿದದ್ದನ್ನು ನಿಧಾನವಾಗಿ, ಕೊನೆಯ ಹನಿಯವರೆಗೂ ಬುಡಕ್ಕೆ ಸುರಿದಳು.

"ನಿಮ್ಮ ಸಲುವಾಗಿ ಹಾಕಿಲ್ರಿ ನಾ," ಎಂದಳು.

ಉಜ್ಮಾ ತಾನೇ ಫೋನ್ ಮಾಡಿದಳು.

"ಸರ್, ಗಿಡಕ್ಕ ನೀರ ಹಾಕ್ಯಾರ. ಎಲ್ಲಾ ನಂಬರಿಗೂ."

ಆಚೆ ನಗು. ಸಿಟ್ಟಿಗಿಂತ ಅದು ಹೆಚ್ಚು ಚುಚ್ಚಿತು.

"ಅಂದ್ರ ನನ್ನ ಮಾಡೆಲ್ ಖರೇ."

"ಅಂದ್ರ ನನ್ನ ಎಣಿಕಿ ಸುಳ್ಳು. ನಿಮ್ಮದು ಖರೇ ಅಂತ ಯಾರ ಹೇಳಿದ್ರು?"

"ನಾಳೆ ಏನ ತೋರಸ್ತಿ ಮತ್ತ?"

"ಇದನ್ನ. ಕೊಡಾ ಸಮೇತ."

"ಹುಚ್ಚ ಹಿಡದೈತೇನ ನಿನಗ? ಇಷ್ಟ ವರ್ಷದ ಕೆಲಸ..."

ಈ ಸಲ ನೆಟ್‌ವರ್ಕಿನ ನೆಪ ಹೇಳದೆ ಕಟ್ ಮಾಡಿದಳು.

ಬಿಲ್ಲೆ ಹೊಡೆದ ಗಿಡಗಳನ್ನು ಹಿಂದೆ ಬಿಟ್ಟು, ಗುಡ್ಡದ ಮೇಲ್ಭಾಗಕ್ಕೆ ಹತ್ತಿದಳು. ಅಲ್ಲಿ ಯಾರೂ ಏನನ್ನೂ ಹೊಡೆದಿರಲಿಲ್ಲ. ಯಾರೂ ಕೊಡ ಹೊತ್ತಿರಲಿಲ್ಲ. ಮೊದಲ ಗಿಡ ಕೆರೆದಳು. ಕಂದು. ಎರಡನೆಯದು, ಕಂದು. ಮೂರನೆಯದು ಹಸಿರೋ, ಹಸಿರಾಗಲೇಬೇಕೆಂಬ ತನ್ನ ಕಣ್ಣಿನ ಹಟವೋ ತಿಳಿಯಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೂ ಬರೆಯದೆ ಅಷ್ಟು ಜಾಗ ಬಿಟ್ಟಳು. ನಾಲ್ಕನೆಯದಕ್ಕೆ ನಡೆದಳು.

ನೆತ್ತಿಯ ಮೇಲಿನ ಬಿಸಿಲಿಗೆ ಯಾವುದಕ್ಕೂ ನೆರಳಿರಲಿಲ್ಲ. ಸತ್ತವೂ ಬದುಕಿದವೂ ಒಂದೇ ಬೂದಿ ಬಣ್ಣದಲ್ಲಿ, ಒಂದೇ ನಿಲುವಿನಲ್ಲಿ ನಿಂತಿದ್ದವು.

ಕೆಳಗಿನಿಂದ ಬೀರವ್ವ ಹುಬ್ಬಿಗೆ ಕೈ ಅಡ್ಡ ಹಿಡಿದು ಕೂಗಿದಳು. "ಅಕ್ಕಾರ, ಎಲ್ಲಿ ನಿಂತೀರಿ? ಗಿಡಾ ಯಾವುದು, ನೀವ್ಯಾರು, ಗೊತ್ತಾಗವಲ್ದು! ಕೈಯರ ಎತ್ತರಿ!"

ಉಜ್ಮಾ ಕೈ ಎತ್ತಲಿಲ್ಲ; ಅವಳ ಉಗುರು ನಾಲ್ಕನೆಯ ಗಿಡದ ತೊಗಟೆಯ ಮೇಲಿತ್ತು.