ಕೆನೆ ಎಳೆಯುವವಳು

"ಲೇ ಮೋಟಾರು, ನಿಂತಲ್ಲೇ ನಿದ್ದೆ ಹೊಡೀತಿದೀಯೇನೇ? ಎಳಿಯೇ ಮುಂಡೆ, ಕೆನೆ ಗಟ್ಟಿಯಾಗ್ತಿದೆ."

ಸೂಪರ್‌ವೈಸರ್ ಕಬ್ಬಿಣದ ಮೆಟ್ಟಿಲ ಮೇಲೆ ನಿಂತು, ಮೂಗಿಗೆ ಕರ್ಚೀಫು ಒತ್ತಿಕೊಂಡು ಕೂಗಿದ. ನಾನು ನಿದ್ದೆ ಹೊಡೆಯುತ್ತಿರಲಿಲ್ಲ, ಕೆಮ್ಮುತ್ತಿದ್ದೆ. ಕೆಮ್ಮು ಬಂದಾಗ ಕೈ ನಿಲ್ಲುತ್ತದೆ, ಅಷ್ಟೇ. ಅದನ್ನು ಅವನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಕೋಲು ಎತ್ತಿಕೊಂಡು ಎಳೆದೆ.

ನಮ್ಮದು ಕೋಳಿ ಕತ್ತರಿಸುವ ಕಾರ್ಖಾನೆ. ಮುಂದಿನ ಶೆಡ್ಡಿನಲ್ಲಿ ಕೋಳಿಗಳು ತಲೆಕೆಳಗಾಗಿ ಸಾಲಾಗಿ ಹೋಗುತ್ತವೆ. ಅವುಗಳ ರಕ್ತ, ಕೊಬ್ಬು, ಪುಕ್ಕ ತೊಳೆದ ನೀರೆಲ್ಲ ಚರಂಡಿ ಹಿಡಿದು ಹಿತ್ತಲಿನ ಟ್ಯಾಂಕಿಗೆ ಬರುತ್ತದೆ. ಟ್ಯಾಂಕಿನ ಪಕ್ಕದಲ್ಲಿ ಒಂದು ಪ್ರೆಶರ್ ಡ್ರಮ್ಮು. ಅದರೊಳಗೆ ನೀರಿಗೆ ಗಾಳಿ ಒತ್ತಿ ತುಂಬಿ, ಒಂದು ಸಣ್ಣ ವಾಲ್ವಿನಿಂದ ಟ್ಯಾಂಕಿನ ಬುಡಕ್ಕೆ ಬಿಡುತ್ತಾರೆ. ಬಿಟ್ಟ ಕೂಡಲೇ ಆ ಗಾಳಿ ಹೊಗೆಯಷ್ಟು ಸಣ್ಣ ಗುಳ್ಳೆಗಳಾಗಿ, ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಗುಳ್ಳೆಗಳು ಕೊಬ್ಬನ್ನೂ ಕೊಳೆಯನ್ನೂ ಎತ್ತಿಕೊಂಡು ಮೇಲೆ ಬಂದು ಗೇಣು ದಪ್ಪದ ಕಂದು ಪದರ ಕಟ್ಟುತ್ತವೆ. ಅದಕ್ಕೆ ನಾವು ಕೆನೆ ಎನ್ನುತ್ತೇವೆ. ಹೆಸರು ಕೇಳಿ ಬಾಯಲ್ಲಿ ನೀರೂರಿದವರು ಒಮ್ಮೆ ಬಂದು ಮೂಸಿ ಹೋಗಬಹುದು.

ಆ ಕೆನೆಯನ್ನು ತೊಟ್ಟಿಗೆ ತಳ್ಳಲು ಚೈನಿಗೆ ಕಟ್ಟಿದ ಹಲಗೆಗಳಿದ್ದವು. ಚೈನು ತಿರುಗಿಸುವ ಮೋಟಾರು ಎಂಟು ತಿಂಗಳ ಹಿಂದೆ ಸುಟ್ಟುಹೋಯಿತು. ಹೊಸದು ತರುವ ಬದಲು ನನ್ನನ್ನು ತಂದರು. ಉದ್ದನೆ ಕೋಲಿಗೆ ಹಲಗೆ ಹೊಡೆದು ಕೈಗೆ ಕೊಟ್ಟರು. ಅಂದಿನಿಂದ ಟ್ಯಾಂಕಿನ ಅಂಚಿನ ಮೇಲೆ ಆ ತುದಿಯಿಂದ ಈ ತುದಿಗೆ ನಾನು ಹಿಮ್ಮುಖವಾಗಿ ನಡೆಯುತ್ತಿದ್ದೆ, ಕೆನೆ ನನ್ನತ್ತ ಬರುತ್ತಿತ್ತು. ನನ್ನ ಹೆಸರು ಮೋಟಾರು ಎಂದಾಯಿತು. ಕೊಳೆ ಹೆಪ್ಪುಗಟ್ಟಲೆಂದು ಟ್ಯಾಂಕಿಗೆ ಹಾಕುವ ಔಷಧಿಗೆ ಅಂಗೈ ಚರ್ಮ ಸುಲಿದು, ಅನ್ನ ಕಲಸಲು ಎಡಗೈಯ ಎರಡು ಬೆರಳು ಮಾತ್ರ ಉಳಿದಿವೆ.

ಆದರೂ ಬಿಡುವಂತಿರಲಿಲ್ಲ. ಕಂಪನಿ ಲೈನಿನಲ್ಲಿ ಕೋಣೆ ಬೇಕೆಂದರೆ ಮನೆಯಲ್ಲಿ ಎರಡು ಕೆಲಸದ ಕಾರ್ಡಿರಬೇಕು. ಗಂಡ ಫಿಟ್ಟರನ ಹೆಲ್ಪರ್. ಅವನದೊಂದು ಕಾರ್ಡು, ನನ್ನದೊಂದು. ಅತ್ತೆಗೆ ಲಕ್ವ ಹೊಡೆದು ಸೊಂಟದಿಂದ ಕೆಳಗೆ ಜೀವವಿಲ್ಲ. ಕೋಣೆ ಸಿಗುವ ಮೊದಲು ಅವಳನ್ನು ಸೇತುವೆ ಕೆಳಗೆ ಮಲಗಿಸಿ ಕೂಲಿಗೆ ಹೋಗುತ್ತಿದ್ದೆವು. ಒಂದು ದಿನ ಬಂದು ನೋಡಿದರೆ ಅವಳ ಕಾಲ್ಬೆರಳನ್ನು ಇಲಿ ತಿಂದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಅಂದಿನಿಂದ ನನಗೆ ಬೇಕಾದದ್ದು ಒಂದೇ, ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು.

ಕೆನೆ ಎಳೆಯುವುದಷ್ಟೇ ನನ್ನ ಕೆಲಸವೆಂದು ಅವರ ಲೆಕ್ಕ. ನಾನು ಮಾಡುತ್ತಿದ್ದ ಇನ್ನೊಂದು ಕೆಲಸ ಗಂಡನೊಬ್ಬನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಡ್ರಮ್ಮಿನ ನೀರು ಹೊರಬೀಳುವ ನಲ್ಲಿಯಿಂದ ಒಂದು ಗಾಜಿನ ಲೋಟ ನೀರು ಹಿಡಿದು, ಬೆಳಕಿಗೆ ಎತ್ತಿ, ಎಣಿಸುತ್ತಿದ್ದೆ. ಅರವತ್ತು ಎಣಿಸಿದರೂ ಲೋಟದಲ್ಲಿ ಹಾಲು ಉಳಿದಿದ್ದರೆ ಯೋಚನೆಯಿಲ್ಲ. ಹತ್ತಕ್ಕೇ ತಿಳಿಯಾದರೆ ಗುಳ್ಳೆ ದಪ್ಪವಾಗಿವೆ, ಅಂದರೆ ವಾಲ್ವಿನ ಬಾಯಿಗೆ ಪುಕ್ಕ ಸಿಕ್ಕಿದೆ. ದಪ್ಪ ಗುಳ್ಳೆ ಏನನ್ನೂ ಎತ್ತುವುದಿಲ್ಲ, ಇದ್ದ ಕೆನೆಯನ್ನೂ ಒಡೆದು ಮುಳುಗಿಸುತ್ತದೆ. ಆಗ ವಾಲ್ವು ಪೂರ್ತಿ ತೆರೆದು ಪುಕ್ಕ ಉಗುಳಿಸಿ, ಮತ್ತೆ ನಾನು ಮೊಳೆಯಿಂದ ಗೀರಿದ ಗುರುತಿಗೆ ತಂದು ನಿಲ್ಲಿಸಬೇಕು. ಯಾರೂ ಕಲಿಸಲಿಲ್ಲ, ಕೆನೆ ಮುಳುಗಿದ ದಿನ ಬೈಗುಳ ತಿಂದು ತಿಂದು ಕಲಿತೆ. ಲೋಟ ಎತ್ತಿದ್ದನ್ನು ಕಂಡಾಗಲೆಲ್ಲ ಸೂಪರ್‌ವೈಸರ್, ಮಜ್ಜಿಗೆ ಕುಡಿದಾಯ್ತಾ ಮಹಾರಾಣಿ ಎಂದು ಕೇಳುತ್ತಿದ್ದ.

ಕಳೆದ ತಿಂಗಳು ಅಂಚಿನಲ್ಲಿ ಕಾಲು ಜಾರಿ ಸೊಂಟದವರೆಗೆ ಟ್ಯಾಂಕಿಗೆ ಬಿದ್ದೆ. ಗಂಡನೇ ಓಡಿಬಂದು ಎಳೆದ. ಆ ದಿನದಿಂದ ಅವನು ಮಾತು ಕಡಿಮೆ ಮಾಡಿದ. ರಜೆಯ ದಿನ ಪಂಪ್‌ಶೆಡ್ಡಿಗೆ ಹೋಗಿ ಕೂರತೊಡಗಿದ. ಬಂದಾಗ ಮೈಯೆಲ್ಲ ವಾರ್ನಿಷ್ ವಾಸನೆ. ಯಾವಳ ಮನೆಗೆ ಬಣ್ಣ ಹೊಡೆಯೋಕೆ ಹೋಗಿದ್ದೆ ಎಂದು ಅತ್ತೆ ಕೆಣಕಿದಳು. ಅವನು ನಕ್ಕ. ನಾನೂ ನಕ್ಕೆ. ಗುಜರಿಗೆ ಹಾಕಿದ ಮೋಟಾರಿನಿಂದ ತಾಮ್ರದ ತಂತಿ ಬಿಚ್ಚಿ, ಸುತ್ತು ಸುತ್ತು ಎಣಿಸಿ, ಸುಟ್ಟ ಮೋಟಾರಿಗೆ ಅವನು ಮತ್ತೆ ಸುತ್ತಿ ವಾರ್ನಿಷ್ ಬಳಿಯುತ್ತಿದ್ದನೆಂದು ನನಗೆ ಹೇಗೆ ಗೊತ್ತಾಗಬೇಕು?

ಸೋಮವಾರ ಬೆಳಿಗ್ಗೆ ನಾನು ಕೋಲಿಗೆ ಕೈ ಹಾಕುವಾಗ ಅವನು ತಡೆದ. "ಇವತ್ತು ನೀನು ಸುಮ್ನೆ ಕೂತ್ಕೊ" ಎಂದು ಸ್ವಿಚ್ಚು ಒತ್ತಿದ. ಮೋಟಾರು ಗುಂಯ್ ಎಂದಿತು. ಚೈನು ಹೊರಳಿತು. ಹಲಗೆಗಳು ಒಂದರ ಹಿಂದೊಂದು ಬಂದು ಕೆನೆಯನ್ನು ನಯವಾಗಿ ತೊಟ್ಟಿಗೆ ತಳ್ಳಿದವು. ಮದುವೆಯಾದ ಮೇಲೆ ಅವನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ಆ ಅಂಚಿನ ಮೇಲೆ ಕೂತೆ.

ಸೂಪರ್‌ವೈಸರ್ ಬಂದ. ಗಂಡನ ಬೆನ್ನು ತಟ್ಟಿ, ಭಲೇ, ಹೆಲ್ಪರ್ ಅಂದ್ರೆ ಹೀಗಿರ್ಬೇಕು ಎಂದ. ಆಮೇಲೆ ಮೋಟಾರನ್ನು ಬಿಟ್ಟು ನನ್ನನ್ನು ನೋಡಿದ.

"ನಿನ್ ಕಾರ್ಡು ಆಫೀಸಲ್ಲಿ ಕೊಟ್ಟು ಹೋಗು."

ಗಂಡನ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು. ಇಳಿಸಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ಆಫೀಸಿಗೆ ಹೋದೆ. ನಾನು ಒಳಗೆ ಕಾಲಿಡದಂತೆ ಹೊಸ್ತಿಲ ಹೊರಗೆ ಹಳೆ ಪೇಪರ್ ಹಾಸಿದರು, ಅದರ ಮೇಲೆ ನಿಂತೆ. ಮ್ಯಾನೇಜರ್ ನನ್ನ ಜೊತೆ ಮಾತಾಡಲಿಲ್ಲ, ಪಕ್ಕದ ಗುಮಾಸ್ತನ ಜೊತೆ ಮಾತಾಡಿದ. ನಾನು ಅತ್ತೆಯ ವಿಷಯ ಹೇಳಿದೆ, ಗುಡಿಸುವ ಕೆಲಸವಾದರೂ ಕೊಡಿ ಎಂದೆ, ಕೈ ಮುಗಿದೆ. ಸುಲಿದ ಕೈ ಕಂಡು ಅವನು ಮುಖ ತಿರುಗಿಸಿದ.

"ಒಂದು ಟ್ಯಾಂಕಿಗೆ ಎರಡು ಮೋಟಾರು ಯಾಕಂತೆ ಕೇಳಿ ಇವಳನ್ನ. ಕೋಣೆ ಖಾಲಿ ಮಾಡೋಕೆ ಏಳು ದಿನ ಟೈಮ್ ಕೊಡಿ." ಗುಮಾಸ್ತ ಅದನ್ನೇ ನನಗೆ ಇನ್ನೊಮ್ಮೆ ಹೇಳಿದ, ನನಗೆ ಕಿವಿ ಇಲ್ಲವೆಂಬಂತೆ. ನಾನು ಹೊರಟ ಮೇಲೆ ಪೇಪರನ್ನು ಕಡ್ಡಿಯಿಂದ ಎತ್ತಿ ಬಿಸಾಡಿದರು.

ಮನೆಯಲ್ಲಿ ಅತ್ತೆ ಮಗನನ್ನು ಬೈದ ಬೈಗುಳ ಬರೆಯುವಂಥದ್ದಲ್ಲ. "ನಿನ್ ಕೈಗೆ ಹಾವು ಕಡೀಲಿ, ರಿಪೇರಿ ಮಾಡೋಕೆ ಬೇರೇನೂ ಸಿಗ್ಲಿಲ್ವೇನೋ ಬೋಳಿಮಗನೇ" ಎಂದು ಶುರುವಾಗಿತ್ತು. ತಟ್ಟೆ ಮುಂದೆ ಕೂತವನು ಉಣ್ಣಲಿಲ್ಲ. ಮತ್ತೆ ಸುಟ್ಟು ಹಾಕಿಬಿಡುತ್ತೇನೆ ಎಂದ. ಸುಟ್ಟರೆ ಯಾರ ಕೆಲಸವೆಂದು ಎಲ್ಲರಿಗೂ ಗೊತ್ತಾಗುತ್ತದೆ, ಇರುವ ಒಂದು ಕಾರ್ಡೂ ಹೋಗುತ್ತದೆ ಎಂದೆ. ಅವನನ್ನು ಬೈಯಲು ಬಾಯಿ ಬರಲಿಲ್ಲ. ನನ್ನ ಕೈ ನೋಡಲಾರದೆ ಮಾಡಿದ ಕೆಲಸ ಅದು. ದೊಡ್ಡ ಮನುಷ್ಯರು ಹೆಂಡತಿಗೆ ಒಳ್ಳೆಯದು ಮಾಡಿದರೆ ಒಳ್ಳೆಯದೇ ಆಗುತ್ತದೆ. ನಮ್ಮಂಥವರು ಮಾಡಿದರೆ ಹೀಗೆ.

ಐದನೇ ದಿನ ಬೆಳಿಗ್ಗೆ ಗಂಡ ಏದುಸಿರು ಬಿಡುತ್ತಾ ಬಂದು ಕರೆದ. ಮೋಟಾರು ತಿರುಗುತ್ತಿದೆ, ಆದರೆ ಕೆನೆ ಇಲ್ಲ. ಎಲ್ಲ ಒಡೆದು ಮುಳುಗಿದೆ, ಹೊರಗೆ ಹೋಗುವ ನೀರು ಕೆಂಪಗಿದೆ. "ನನ್ ಹೆಂಡ್ತಿಗೆ ಇದರ ಮರ್ಮ ಗೊತ್ತು" ಎಂದು ಅವನೇ ಸೂಪರ್‌ವೈಸರನಿಗೆ ಹೇಳಿದ್ದನಂತೆ. ಕಾರ್ಡು ವಾಪಸು ಬರುತ್ತದೆ ಎಂದು ಅತ್ತೆಗೆ ಹೇಳಿ, ಗೂಡಿನಲ್ಲಿದ್ದ ಲೋಟ ತೆಗೆದುಕೊಂಡು ಓಡಿದೆ.

ನೀರು ಹಿಡಿದು ಬೆಳಕಿಗೆ ಎತ್ತಿದೆ. ಎಂಟು ಎಣಿಸುವಷ್ಟರಲ್ಲಿ ಲೋಟ ತಿಳಿಯಾಯಿತು. ನಾನು ಲೋಟ ಕೆಳಗಿಟ್ಟೆ.

"ಏನಾಗಿದೆ ಬೊಗಳು" ಎಂದ ಸೂಪರ್‌ವೈಸರ್.

"ಏನಾಗಿದೆ ಅಂತ ಗೊತ್ತು. ಅರ್ಧ ಗಂಟೇಲಿ ಸರಿಮಾಡ್ತೀನಿ. ಮೊದಲು ನನ್ ಕಾರ್ಡು ಕೊಡಿಸಿ."

ಅವನು ಫೋನು ತೆಗೆದು ಮ್ಯಾನೇಜರಿಗೆ ಹಚ್ಚಿದ. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಸಿಟ್ಟೇನೂ ಇರಲಿಲ್ಲ ಅದರಲ್ಲಿ, ಚಹಾ ತರಲು ಹೇಳುವ ದನಿ.

"ಅವಳ ಹತ್ರ ಏನ್ರೀ ಚೌಕಾಸಿ? ಬೈಪಾಸ್ ತೆಗೀರಿ, ಕಾಲುವೆಗೆ ಹೋಗ್ಲಿ. ಪೊಲ್ಯೂಷನ್ ಚೆಕಿಂಗ್‌ನೋರು ಹೇಳದೆ ಬರ್ತಾರಾ? ಬರೋ ದಿನ ನೋಡ್ಕೊಳ್ಳೋಣ."

ಸೂಪರ್‌ವೈಸರ್ ಟ್ಯಾಂಕಿಗೆ ನೀರು ಬಿಡುವ ವಾಲ್ವಿನ ಚಕ್ರ ತಿರುಗಿಸಿ ಮುಚ್ಚಿದ, ಬೈಪಾಸಿನ ಚಕ್ರ ತಿರುಗಿಸಿ ತೆಗೆದ. ರಕ್ತದ ನೀರು ಟ್ಯಾಂಕನ್ನು ತಪ್ಪಿಸಿ, ನಮ್ಮ ಲೈನಿನ ಹಿಂದಿನ ಕಾಲುವೆಗೆ ಧುಮುಕಿತು. ಅಷ್ಟೇ. ಎಂಟು ತಿಂಗಳು ನಾನು ಸುಲಿಸಿಕೊಂಡ ಕೈಗೆ, ಅವನು ಸುತ್ತಿದ ತಂತಿಗೆ, ಆ ಲೋಟಕ್ಕೆ, ಎಲ್ಲಕ್ಕೂ ಎರಡು ಚಕ್ರ ತಿರುಗಿಸುವಷ್ಟೇ ಬೆಲೆ. ಮನೆಗೆ ಹೋಗಮ್ಮ ಎಂದು ಹೇಳಿ ಅವನು ಕೈ ತೊಳೆಯಲು ಹೋದ. ಮೋಟಾರನ್ನು ಆಫ್ ಮಾಡಲೂ ಇಲ್ಲ. ಹಲಗೆಗಳು ಏನೂ ಇಲ್ಲದ ನೀರಿನ ಮೇಲೆ ಏನನ್ನೋ ತಳ್ಳುತ್ತಾ ಹೋಗುತ್ತಿದ್ದವು.

ಅಳು ಬರಲಿಲ್ಲ. ನಾನು ಹೋಗಿ ಬೈಪಾಸಿನ ಚಕ್ರ ಹಿಡಿದೆ. ತಿರುಗಿಸಿದೆ, ಅಂಗೈಯ ಹುಣ್ಣು ಒಡೆದು ಚಕ್ರವೆಲ್ಲ ಒದ್ದೆಯಾಯಿತು. ಕಾಲುವೆಯ ಸದ್ದು ನಿಲ್ಲುವವರೆಗೂ ತಿರುಗಿಸಿದೆ. ಈಗ ಎರಡೂ ದಾರಿ ಮುಚ್ಚಿದ್ದವು. ನೀರು ಬಂದ ದಾರಿಯಲ್ಲೇ ಹಿಂದಕ್ಕೆ, ಶೆಡ್ಡಿನ ನೆಲಕ್ಕೆ ಏರಲೇಬೇಕು.

ಗಂಡ ನೋಡುತ್ತಾ ನಿಂತಿದ್ದ. ತಡೆಯುತ್ತಾನೆ ಎಂದುಕೊಂಡೆ. ಅವನು ಜೇಬಿನಿಂದ ಸ್ಪ್ಯಾನರ್ ತೆಗೆದು ನಟ್ಟು ಬಿಚ್ಚಿ ಚಕ್ರವನ್ನೇ ಕಳಚಿದ. ಆಮೇಲೆ ಇನ್ನೊಂದನ್ನೂ.

"ಚಕ್ರ ಇಲ್ದಿದ್ರೂ ಪೈಪ್ ರೆಂಚ್ ಹಾಕಿದ್ರೆ ತಿರುಗತ್ತೆ" ಎಂದ. "ಇರೋದೊಂದೇ ರೆಂಚು, ನನ್ ಚೀಲದಲ್ಲಿದೆ. ಇನ್ನೊಂದು ತರ್ಸೋಕೆ ಸಂಜೆ ಆಗತ್ತೆ."

ಒಂದು ಚಕ್ರ ಅವನು ಹೊತ್ತ, ಒಂದು ನಾನು. ಶೆಡ್ಡಿನ ಕಡೆಯಿಂದ ಕಿರುಚಾಟ ಶುರುವಾಗಿತ್ತು. ಕೋಳಿಗಳ ಸಾಲು ನಿಂತ ಸದ್ದೂ ಕೇಳಿತು. ಮೊಣಕಾಲವರೆಗೆ ಆ ನೀರಿನಲ್ಲಿ ನಿಂತವರು ನಮ್ಮಂಥ ಹೆಂಗಸರೇ, ಅದು ನನಗೆ ಗೊತ್ತು. ಯಾರೋ ಹಿಂದಿನಿಂದ, ಲೇ ಮೋಟಾರು, ಲೇ ಮೋಟಾರು ಎಂದು ಕೂಗುತ್ತಿದ್ದರು. ನಾನು ತಿರುಗಲಿಲ್ಲ.

ಕೋಣೆಗೆ ಬಂದು ಚಿಲಕ ಹಾಕಿದೆವು. ಅತ್ತೆ ನಮ್ಮ ಕೈಯಲ್ಲಿದ್ದುದನ್ನು ನೋಡಿದಳು. ಕಾರ್ಡು ಬಂತಾ ಎಂದು ಕೇಳಲಿಲ್ಲ. ಬೆಳಗಿನಿಂದ ಬಟ್ಟೆ ಬದಲಿಸದೆ ಒದ್ದೆಯಲ್ಲೇ ಮಲಗಿದ್ದಳು, ಕೋಣೆಯೆಲ್ಲ ಉಚ್ಚೆ ವಾಸನೆ. ಎಲ್ಲಿ ಬಚ್ಚಿಡುವುದೆಂದು ನಾವಿಬ್ಬರೂ ಆ ನಾಲ್ಕು ಗೋಡೆ ಹುಡುಕುತ್ತಿದ್ದೆವು.

"ಇಲ್ಲಿ ತಾ" ಎಂದಳು ಅತ್ತೆ. "ನನ್ ಕುಂಡಿ ಕೆಳಗಿಡು. ಯಾವ ಸೂಳೆಮಗ ಇಲ್ಲಿಗೆ ಕೈ ಹಾಕ್ತಾನೋ ನೋಡ್ತೀನಿ."

ಗಂಡ ಅವಳನ್ನು ಎತ್ತಿ ಹಿಡಿದ. ನಾನು ಎರಡೂ ಚಕ್ರಗಳನ್ನು ಹಾಸಿಗೆಯ ಒದ್ದೆಯಲ್ಲಿ ಇಟ್ಟೆ. ಅವಳನ್ನು ಮೆಲ್ಲಗೆ ಅವುಗಳ ಮೇಲೆ ಇಳಿಸಿದೆವು. ಕಬ್ಬಿಣ ಒತ್ತುತ್ತದಾ ಅತ್ತೆ ಎಂದು ಕೇಳಿದೆ, ಅಭ್ಯಾಸಬಲ. ನಂಗೆಲ್ಲಿ ಗೊತ್ತಾಗತ್ತೆ ಎಂದಳು.

ಹೊರಗೆ ಬೂಟುಗಳ ಸದ್ದು ಲೈನಿನ ಮೊದಲ ಕೋಣೆಯ ಹತ್ತಿರ ಬಂದಿತ್ತು. ನಮ್ಮದು ಏಳನೆಯದು.